ಗಡಿಯಾಚೆಯ ಪದವೀಧರನಿಗೆ ಏಶ್ಯದ ಇತಿಹಾಸದ ದಾರಿ

1956ನೇ ಇಸವಿ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಈ ಮಾತನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಯಾರೂ ಪಾಠವಾಗಿ ಹೇಳಿಕೊಡಬೇಕಾಗಿಲ್ಲ; ಹಿರಿಯರ ಬಾಯಿಂದ ಕೇಳುತ್ತಲೇ ಅವರು ಬೆಳೆಯುತ್ತಾರೆ. ಆದರೆ ಅದೇ ದಿನ, ಅದೇ ಕಾಯಿದೆಯ ಮೇರೆಗೆ, ನಮ್ಮಿಂದ ಬಹುದೂರದ ಇನ್ನೊಂದು ಗಡಿಯಲ್ಲಿಯೂ ಕನ್ನಡದ ಮನೆಗಳು ಬೇರೆ ರಾಜ್ಯದ ಪಾಲಾದುವು ಎಂಬುದು ನಮ್ಮಲ್ಲಿ ಹೆಚ್ಚಿನವರ ಗಮನಕ್ಕೆ ಬಂದಿರಲಾರದು.

ಅಂದಿನ ಹೈದರಾಬಾದ್ ರಾಜ್ಯ ಒಡೆದು ಮೂರು ಪಾಲಾದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲೊಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಗುಲ್ಬರ್ಗ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದುವು. 2014ರಲ್ಲಿ ತೆಲಂಗಾಣ ಬೇರೆ ರಾಜ್ಯವಾಯಿತು. 2016ರ ಜಿಲ್ಲಾ ವಿಂಗಡಣೆಯ ನಂತರ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ.

ಅಲ್ಲಿಯ ಕನ್ನಡ ಮನೆಯ ಮಗು ಅಡುಗೆಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಪೇಟೆಯಲ್ಲಿ ದಖನಿ ಉರ್ದು ಕೇಳುತ್ತ ಬೆಳೆಯುತ್ತದೆ. ನಾರಾಯಣಖೇಡದ ಕಡೆ ಮರಾಠಿಯೂ ಕಿವಿಗೆ ಬೀಳುತ್ತದೆ. ನಮ್ಮಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ ಇದ್ದ ಹಾಗೆಯೇ. ಇಂಥ ಮನೆಯ ತರುಣನೊಬ್ಬ ಬಿ.ಎ. ಮುಗಿಸಿ, ತಾನು ಏಶ್ಯದ ಇತಿಹಾಸ ಮತ್ತು ರಾಜಕೀಯವನ್ನು ಮುಂದೆ ಓದುತ್ತೇನೆಂದು ಹೊರಟನೆನ್ನಿ. ಅಥವಾ ನಮ್ಮ ಮಂಜೇಶ್ವರದ, ಬದಿಯಡ್ಕದ ತರುಣಿಯೊಬ್ಬಳು ಹಾಗೆ ಹೇಳಿದಳೆನ್ನಿ. ಮನೆಯವರು ಕೇಳುವ ಪ್ರಶ್ನೆಗಳು ಎರಡು: ಅದರಿಂದ ಸಿಗುವುದೇನು? ನಮಗೂ ಅದಕ್ಕೂ ಏನು ಸಂಬಂಧ?

ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡನೆಯದಕ್ಕೆ ಉತ್ತರ ಸಿಕ್ಕಿದರೆ ಮೊದಲನೆಯದನ್ನು ಯೋಚಿಸುವುದು ಸುಲಭವಾದ್ದರಿಂದ ಅದನ್ನೇ ಮೊದಲು ನೋಡೋಣ.

ಮನೆಬಾಗಿಲಿನ ಏಶ್ಯ

ತಾಂಡೂರಿನಲ್ಲಿ ವಾಡಿಯ ಕಡೆಗೆ ಹೋಗುವ ರೈಲು ಹತ್ತಿದರೆ ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣ ಬರುತ್ತದೆ. ಕಾಗಿಣಾ ನದಿಯ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಹೆಸರನ್ನು ನಮ್ಮ ಮಕ್ಕಳು ‘ಕವಿರಾಜಮಾರ್ಗ’ದ ಪಾಠದಲ್ಲಿ ಓದುತ್ತಾರೆ, ಅಲ್ಲಿಗೆ ಬಿಡುತ್ತಾರೆ. ಆದರೆ ಅವನು ಆಳುತ್ತಿದ್ದ ಕಾಲದಲ್ಲಿಯೇ, ಕ್ರಿ.ಶ. 851ರಲ್ಲಿ, ಅರಬ್ಬೀ ಭಾಷೆಯಲ್ಲಿ ಸಿದ್ಧವಾದ ಒಂದು ಪ್ರವಾಸ ವೃತ್ತಾಂತವುಂಟು. ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಅದು ಪ್ರಸಿದ್ಧವಾಗಿದೆ. ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಅರಬ್ಬರ ಖಲೀಫ ಒಬ್ಬ, ಚೀನದ ಚಕ್ರವರ್ತಿ ಒಬ್ಬ, ರೂಮಿನ ದೊರೆ ಒಬ್ಬ, ನಾಲ್ಕನೆಯವನು ಕಿವಿ ಚುಚ್ಚಿಸಿಕೊಂಡವರ ಅರಸನಾದ ಬಲ್ಹರಾ ಎಂದು ಅದರಲ್ಲಿದೆ. ಬಲ್ಹರಾ ಎಂದರೆ ವಲ್ಲಭರಾಜ, ಎಂದರೆ ರಾಷ್ಟ್ರಕೂಟ ದೊರೆ. ಮುಂದಿನ ಶತಮಾನದಲ್ಲಿ ಭಾರತಕ್ಕೆ ಬಂದುಹೋದ ಅಲ್‌ ಮಸೂದಿಯು ಬಲ್ಹರಾನ ರಾಜಧಾನಿ ಮಾನ್ಕೀರ್ ಎಂದು ಬರೆದಿದ್ದಾನೆ. ಅಲ್ಲಿಯ ಜನರ ನುಡಿಗೆ ‘ಕೀರಿಯ’ ಎಂಬ ಹೆಸರನ್ನೂ ಕೊಟ್ಟಿದ್ದಾನೆ. ಅದು ಕನ್ನಡವೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಹಾಗಾದರೆ ತಾಂಡೂರಿನ ಹುಡುಗನ ಪಾಲಿಗೆ ಬಾಗ್ದಾದಿನ ಚರಿತ್ರೆ ದೂರದ ಸಂಗತಿಯಲ್ಲ. ಅವನ ಊರಿನಿಂದ ಕೆಲವು ನಿಲ್ದಾಣಗಳಾಚೆಗಿನ ಹಾಳುಕೋಟೆಯ ಮಾತು ಅರಬ್ಬೀ ಪುಸ್ತಕಗಳಲ್ಲಿ ಕುಳಿತಿದೆ.

ಜಹೀರಾಬಾದಿನವನಿಗೆ ಬೀದರವು ಸುಮಾರು 30 ಕಿಲೋಮೀಟರು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನು ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಕ್ಕೆ ತಂದನು. ಇರಾನಿನ ಸೂಫಿ ಗುರು ಶಾಹ್ ನಿಯಾಮತುಲ್ಲಾ ಅವರಲ್ಲಿ ಅವನಿಗೆ ಬಹಳ ಭಕ್ತಿ. ಗುರುವಿನ ಮೊಮ್ಮಗನನ್ನು ಬೀದರಕ್ಕೆ ಕರೆಸಿಕೊಂಡನು. ಕೆರ್ಮಾನ್ ಸಮೀಪದ ಮಾಹಾನಿನಲ್ಲಿ ಗುರುವಿನ ಗೋರಿಯ ಮೇಲೆ 1436ರಲ್ಲಿ ಎದ್ದ ಕಟ್ಟಡ ಇದೇ ಸುಲ್ತಾನನ ಕೊಡುಗೆ. ಇರಾನಿನ ಯಾತ್ರಾಸ್ಥಳವೊಂದಕ್ಕೆ ಬೀದರದ ಬೊಕ್ಕಸದ ಹಣ ಹೋಗಿತ್ತು! ಇತ್ತ ಬೀದರದ ಪಕ್ಕದ ಅಷ್ಟೂರಿನಲ್ಲಿ ಅಹಮದ್ ಶಾಹನ ಗೋರಿಯ ಉರುಸಿಗೆ ಆಳಂದ ತಾಲೂಕಿನ ಮಾಡಿಯಾಳದ ಜಂಗಮರು ಬರುವ ಪದ್ಧತಿ ಬೆಳೆದು ಬಂದಿದೆ.

ಮುಂದೆ ಗೀಲಾನಿನಿಂದ ಬಂದ ಮಹಮೂದ್ ಗವಾನ್ ಬಹಮನಿ ರಾಜ್ಯದ ಮಂತ್ರಿಯಾದನು. ಅವನ ಮದರಸಾ 1472ರಲ್ಲಿ ಪೂರ್ತಿಯಾಯಿತು. ಒಟ್ಟೋಮನ್ ಸುಲ್ತಾನನವರೆಗೆ ಅವನ ಪತ್ರವ್ಯವಹಾರವಿತ್ತು. ಆ ಪಾರ್ಸಿ ಪತ್ರಗಳ ಸಂಗ್ರಹ ಇಂದಿಗೂ ಉಳಿದಿದೆ. 1481ರಲ್ಲಿ, ವೈರಿಗಳು ಅವನ ಹೆಸರಿನಲ್ಲಿ ಸೃಷ್ಟಿಸಿದ ಸುಳ್ಳು ಪತ್ರವನ್ನು ನಂಬಿ ಸುಲ್ತಾನನೇ ಅವನನ್ನು ಕೊಲ್ಲಿಸಿದನು. ಅವನ ಕಾಲದಲ್ಲಿಯೇ ಅಫನಾಸಿ ನಿಕಿತಿನ್ ಎಂಬ ರಶ್ಯದ ವರ್ತಕ ಬೀದರಕ್ಕೆ ಬಂದು ತನ್ನ ಕುದುರೆಯನ್ನು ಅಲ್ಲಿ ಮಾರಿದನು. ಕುದುರೆಯ ವ್ಯಾಪಾರ, ಇರಾನಿನವರಿಗೂ ದಖನಿಗರಿಗೂ ಇದ್ದ ಅಧಿಕಾರದ ಜಗಳ, ಮಠ ದರ್ಗಾಗಳ ಒಡನಾಟ, ಇವೆಲ್ಲ ಏಶ್ಯದ ಇತಿಹಾಸದ ದೊಡ್ಡ ಅಧ್ಯಾಯಗಳು. ಜಹೀರಾಬಾದಿನ ವಿದ್ಯಾರ್ಥಿಗೆ ಇವು ಒಂದು ಬಸ್ಸಿನ ದೂರದಲ್ಲಿವೆ.

ಎರಡು ಒಗಟುಗಳು

ಇತಿಹಾಸ ಸಂಶೋಧನೆಯಲ್ಲಿ ಸ್ಥಳೀಯ ಭಾಷೆಯ ಬೆಲೆ ಎಷ್ಟೆಂಬುದಕ್ಕೆ ಎರಡು ದೃಷ್ಟಾಂತಗಳು ಸಾಕು.

ಒಂದು ಹಳೆಯದು. ಅಲ್‌ ತಬರಿ ಎಂಬ ಪ್ರಸಿದ್ಧ ಇತಿಹಾಸಕಾರ ಬರೆದ ಅರಬ್ಬೀ ಗ್ರಂಥದಲ್ಲಿ, ಇರಾನಿನ ದೊರೆ ಎರಡನೆಯ ಖುಸ್ರುವಿನ ಆಳ್ವಿಕೆಯ 36ನೇ ವರ್ಷದಲ್ಲಿ ಹಿಂದೂದೇಶದ ಅರಸನೊಬ್ಬ ಕಾಗದ, ಕಾಣಿಕೆಗಳನ್ನು ಕಳುಹಿಸಿದನೆಂದಿದೆ. ಅರಸನ ಹೆಸರು ‘ಫರ್ಮಿಶಾ’ ಎಂಬಂತೆ ಕಾಣುತ್ತದೆ. ಯಾರೀತ? ಅರಬ್ಬೀ ಮಾತ್ರ ಬಲ್ಲವರಿಗೆ ಇದು ಬಿಡಿಸಲಾಗದ ಗಂಟು. ಬಾದಾಮಿಯ ಚಾಲುಕ್ಯರ ಶಾಸನಗಳ ಪರಿಚಯವಿದ್ದವರಿಗೆ ಇಮ್ಮಡಿ ಪುಲಕೇಶಿಯ ‘ಪರಮೇಶ್ವರ’ ಎಂಬ ಬಿರುದು ಗೊತ್ತು. ಆ ಬಿರುದಿನ ಅರಬ್ಬೀ ರೂಪವೇ ಇದೆಂದು ವಿದ್ವಾಂಸರು ಗುರುತಿಸಿದರು. ಅದೇ ಪುಲಕೇಶಿಯ ಪರಾಕ್ರಮವನ್ನು ಚೀನದ ಯಾತ್ರಿಕ ಹ್ಯುಯೆನ್‌ ತ್ಸಾಂಗನು ಬಣ್ಣಿಸಿದ್ದಾನೆ. ಹೀಗೆ ಬಾದಾಮಿಯ ದೊರೆಯೊಬ್ಬನನ್ನು ಪೂರ್ತಿಯಾಗಿ ತಿಳಿಯಬೇಕಾದರೆ ಶಾಸನ, ಅರಬ್ಬೀ ಗ್ರಂಥ, ಚೀನೀ ಗ್ರಂಥ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಇನ್ನೊಂದು ಈಚಿನದು, ಅದೂ ನಮ್ಮ ಕರಾವಳಿಯದು. 1978ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಅಮಿತಾವ್ ಘೋಷ್ ಅವರ ಕೈಗೆ ಗ್ರಂಥಾಲಯದಲ್ಲಿ ಮಧ್ಯಯುಗದ ಯಹೂದಿ ವರ್ತಕರ ಪತ್ರಗಳ ಪುಸ್ತಕವೊಂದು ಸಿಕ್ಕಿತು. ಕೈರೋದ ಹಳೆಯ ಯಹೂದಿ ದೇಗುಲದಲ್ಲಿ ದೊರೆತ ಕಾಗದಪತ್ರಗಳವು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲಸಿದ್ದ ಅಬ್ರಹಾಂ ಬೆನ್ ಯೀಜು ಎಂಬ ವರ್ತಕನಿಗೆ ಏಡನ್ನಿನಿಂದ ಬಂದ ಪತ್ರದಲ್ಲಿ ಅವನ ಆಳಿನ ಉಲ್ಲೇಖವಿತ್ತು. ಈ ಒಂದು ಉಲ್ಲೇಖದ ಬೆನ್ನುಹತ್ತಿ ಘೋಷರು ಅರಬ್ಬೀ ಕಲಿತರು, ಈಜಿಪ್ತಿನ ಹಳ್ಳಿಯಲ್ಲಿ ಇದ್ದು ಬಂದರು, ಆ ಪತ್ರಗಳ ಹಳೆಯ ಬರವಣಿಗೆಯನ್ನು ಓದಲು ಕಲಿತರು. ಆದರೆ ಸ್ವರಾಕ್ಷರಗಳಿಲ್ಲದ ಆ ಲಿಪಿಯಲ್ಲಿ ಆಳಿನ ಹೆಸರು ಬ, ಮ, ಹ ಎಂಬ ವ್ಯಂಜನಗಳಷ್ಟೇ ಆಗಿ ನಿಂತಿತ್ತು. 1990ರಲ್ಲಿ ಅವರು ಮಂಗಳೂರಿಗೆ ಬಂದು ಪ್ರೊ| ಬಿ.ಎ. ವಿವೇಕ ರೈ ಅವರನ್ನು ಕಂಡಾಗಲೇ ಅದು ತುಳುನಾಡಿನ ‘ಬೊಮ್ಮ’ ಎಂಬ ಹೆಸರಾಗಬಹುದೆಂಬ ಸುಳಿವು ಸಿಕ್ಕಿದ್ದು. 1992ರಲ್ಲಿ ಅವರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಪ್ರಕಟವಾಯಿತು.

ಆಕ್ಸ್‌ಫರ್ಡು, ಕೈರೋಗಳಲ್ಲಿ ಬಿಡಿಸಲಾಗದ ಗಂಟು ಮಂಗಳೂರಿನಲ್ಲಿ ಬಿಡಿಸಿಕೊಂಡಿತು. ತುಳು ಬಲ್ಲವರು ಇಲ್ಲದಿದ್ದರೆ ಬೊಮ್ಮನು ಇಂದಿಗೂ ಮೂರು ಅಕ್ಷರಗಳಾಗಿಯೇ ಉಳಿಯುತ್ತಿದ್ದನು.

ಹೊರಗಿನಿಂದ ಬಂದವರು ನಡೆದ ದಾರಿ

ದಖನಿನ ಇತಿಹಾಸದಲ್ಲಿ ಇಂದು ದೊಡ್ಡ ಹೆಸರಾದ ರಿಚರ್ಡ್ ಈಟನ್ ಅಮೇರಿಕದವರು. 1960ರ ದಶಕದಲ್ಲಿ ಆ ದೇಶದ ಶಾಂತಿದಳದ ಸ್ವಯಂಸೇವಕರಾಗಿ ಇರಾನಿನಲ್ಲಿದ್ದರು. ಮುಂದೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬಿಜಾಪುರದ ಸೂಫಿಗಳ ಕುರಿತು ಮಹಾಪ್ರಬಂಧ ಬರೆದರು. 1978ರಲ್ಲಿ ಅದು ಪುಸ್ತಕವಾಯಿತು. ಬಿಜಾಪುರದ ಸೂಫಿಗಳಲ್ಲಿ ಕೆಲವರು ಹೆಂಗಸರು ಬೀಸುವಾಗ, ನೂಲುವಾಗ ಹಾಡಲೆಂದು ದಖನಿಯಲ್ಲಿ ಪದ ಕಟ್ಟಿದರೆಂಬುದನ್ನು ಅವರು ಎತ್ತಿ ತೋರಿಸಿದರು. ಧರ್ಮದ ಮಾತು ಅರಮನೆಯಿಂದಷ್ಟೇ ಅಲ್ಲ, ಬೀಸುವ ಕಲ್ಲಿನ ಬಳಿಯಿಂದಲೂ ಹರಡಿತು ಎಂಬುದು ಆ ಕಾಲದಲ್ಲಿ ಹೊಸ ಮಾತಾಗಿತ್ತು. ಅವರು ಮುಂದೆ ಫಿಲಿಪ್ ವ್ಯಾಗನರ್ ಅವರೊಡನೆ ಕಲ್ಯಾಣ, ರಾಯಚೂರು, ವರಂಗಲ್ಲುಗಳ ಮೇಲೆ ಬರೆದ ಗ್ರಂಥ 2014ರಲ್ಲಿ ಬಂತು.

ಇದರಲ್ಲಿ ಗಡಿನಾಡ ವಿದ್ಯಾರ್ಥಿ ಗಮನಿಸಬೇಕಾದುದು ಒಂದಿದೆ. ಬೀಸುವ ಕಲ್ಲಿನ ಪದಗಳು ಕನ್ನಡದಲ್ಲಿಯೂ ಉಂಟು, ಹೇರಳವಾಗಿ ಉಂಟು. ಒಂದೇ ಊರಿನ ಎರಡು ಓಣಿಗಳಲ್ಲಿ ಒಂದರಲ್ಲಿ ಕನ್ನಡದ ಪದ, ಇನ್ನೊಂದರಲ್ಲಿ ದಖನಿ ಪದ ಹಾಡುತ್ತಿದ್ದಾಗ ಯಾರು ಯಾರಿಂದ ಏನನ್ನು ಪಡೆದರು? ಇದನ್ನು ಹೋಲಿಸಿ ನೋಡಬೇಕಾದರೆ ಎರಡೂ ಭಾಷೆ ಚಿಕ್ಕಂದಿನಿಂದ ಕಿವಿಗೆ ಬಿದ್ದವರು ಬೇಕು. ಅಮೇರಿಕದಿಂದ ಬಂದವರು ವರ್ಷಗಟ್ಟಲೆ ದುಡಿದು ಕಲಿಯುವುದರಲ್ಲಿ ಅರ್ಧವನ್ನು ಜಹೀರಾಬಾದಿನ ಹುಡುಗಿ ಅಜ್ಜಿಯ ಮಗ್ಗುಲಲ್ಲಿ ಕುಳಿತು ಕಲಿತಿರುತ್ತಾಳೆ. ಹಲವು ಭಾಷೆಗಳ ನಡುವೆ ಬೆಳೆದುದು ಹೊರೆಯೆಂದು ನಾವು ಗೊಣಗುವುದುಂಟು. ಈ ವಿದ್ಯೆಯಲ್ಲಿ ಅದೇ ಮೂಲಧನ.

ನಮ್ಮ ಕರಾವಳಿಯ ಹಿರಿಯರು

ಈ ದಾರಿಯಲ್ಲಿ ನಡೆದ ಕನ್ನಡಿಗರು ಇಲ್ಲವೆಂದಲ್ಲ. ಡಾ| ಭಾಸ್ಕರ ಆನಂದ ಸಾಲೆತ್ತೂರು ನಮ್ಮ ಕರಾವಳಿಯವರೇ. ಲಂಡನ್ನಿನಲ್ಲಿ ವಿಜಯನಗರದ ಮೇಲೆ ಮಹಾಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಜರ್ಮನಿಯ ಗೀಸೆನ್ನಿನಿಂದ ಇನ್ನೊಂದು ಡಾಕ್ಟರೇಟ್. ವಿಜಯನಗರದ ಸಾಮಾಜಿಕ, ರಾಜಕೀಯ ಜೀವನದ ಮೇಲಿನ ಅವರ ಎರಡು ಸಂಪುಟಗಳು 1934ರಲ್ಲಿ ಹೊರಬಂದುವು. 1936ರಲ್ಲಿ ತುಳುವ ಇತಿಹಾಸದ ಗ್ರಂಥ ಬಂತು. ಭಾರತಕ್ಕೂ ಪಶ್ಚಿಮ ದೇಶಗಳಿಗೂ ಇದ್ದ ರಾಯಭಾರ ಸಂಬಂಧದ ಮೇಲೆ 1958ರಲ್ಲಿಯೂ, ಪೂರ್ವ ದೇಶಗಳೊಂದಿಗಿನ ಸಂಬಂಧದ ಮೇಲೆ 1960ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದರು. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದ ನಿರ್ದೇಶಕರಾಗಿದ್ದರು; ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದರು.

ಅವರು ಹಿಡಿದ ಕ್ರಮ ಗಮನಾರ್ಹ. ಮೊದಲು ಕನ್ನಡ ಶಾಸನಗಳು. ಅವುಗಳ ಪಕ್ಕದಲ್ಲಿ ಪೋರ್ತುಗೀಸ್, ಇಟಾಲಿಯನ್, ಪಾರ್ಸಿ ಪ್ರವಾಸಿಗರ ಬರಹಗಳು. ಹೆರಾತಿನ ಶಾಹ್‌ ರುಖ್‌ನ ರಾಯಭಾರಿ ಅಬ್ದುರ್ ರಝಾಕನು 1443ರಲ್ಲಿ ವಿಜಯನಗರಕ್ಕೆ ಹೋದುದು ಇತಿಹಾಸದ ಪುಸ್ತಕಗಳಲ್ಲಿದೆ. ಅವನು ಕಲ್ಲಿಕೋಟೆಯಲ್ಲಿ ಹಡಗು ಹತ್ತಿ ಮಂಗಳೂರಿನಲ್ಲಿ ಇಳಿದನು. ಎಂದರೆ ನಮ್ಮ ಚಂದ್ರಗಿರಿ, ಕುಂಬಳೆಗಳ ಕಡಲತೀರದ ಮುಂದೆಯೇ ಸಾಗಿಹೋದನು. ಊರಿನ ಇತಿಹಾಸದಿಂದ ಹೊರಟು ದೇಶದ ಇತಿಹಾಸಕ್ಕೆ, ಅಲ್ಲಿಂದ ಏಶ್ಯದ ರಾಯಭಾರಗಳಿಗೆ ಸಾಲೆತ್ತೂರರು ನಡೆದುಹೋದರು. ಊರನ್ನು ಬಿಟ್ಟುಕೊಟ್ಟು ಹೋದವರಲ್ಲ.

ಮಂಜೇಶ್ವರದ ಗೋವಿಂದ ಪೈಗಳ ಮಾತನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ತಂದೆಯವರ ಮರಣದಿಂದ ಅವರ ಬಿ.ಎ. ಓದು ಪೂರ್ತಿಯಾಗಲಿಲ್ಲ. ಆದರೂ ಮನೆಯಲ್ಲಿ ಕುಳಿತೇ ಅನೇಕ ಭಾಷೆಗಳನ್ನು ಕಲಿತರು. ಈಜಿಪ್ತಿನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದಂತೆ ಕಾಣುವ ಮಾತುಗಳಿವೆ ಎಂಬ ಚರ್ಚೆ ಎದ್ದಾಗ ಅದರಲ್ಲಿ ಅವರೂ ಶ್ರಮಿಸಿದರು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. ಅವರ ಹೆಸರಿನ ಸಂಶೋಧನ ಕೇಂದ್ರ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿದೆ. ಪದವಿ ಇಲ್ಲದೆಯೂ ವಿದ್ವತ್ತು ಸಾಧ್ಯವೆಂದು ಹೇಳಲು ಈ ಮಾತು ಎತ್ತಿದ್ದಲ್ಲ. ಇಂದಿನ ದಿನದಲ್ಲಿ ಪದವಿ ಬೇಕು. ಮಂಜೇಶ್ವರದ ಮನೆಯೊಂದರಲ್ಲಿ ಗ್ರೀಸಿಗೂ ಜಪಾನಿಗೂ ಜಾಗವಿತ್ತು ಎಂಬುದನ್ನು ನೆನಪಿಸಲು ಎತ್ತಿದೆ.

ಗಡಿಯೇ ರಾಜಕೀಯದ ಮೊದಲ ಪಾಠ

ಇಷ್ಟು ಇತಿಹಾಸದ ಮಾತಾಯಿತು. ಏಶ್ಯದ ರಾಜಕೀಯಕ್ಕೂ ಗಡಿಯವನಿಗೂ ಏನು ನಂಟು?

ಕಾಸರಗೋಡನ್ನು ಕೇರಳಕ್ಕೆ ಕೊಡಬೇಕೆಂದು ಶಿಫಾರಸು ಮಾಡಿದ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಎಂಬ ಮೂವರಿದ್ದರು. ಈ ಪಣಿಕ್ಕರ್ ಚೀನದಲ್ಲಿ ಭಾರತದ ರಾಯಭಾರಿಯಾಗಿದ್ದವರು. ‘ಏಶ್ಯಾ ಆ್ಯಂಡ್ ವೆಸ್ಟರ್ನ್ ಡಾಮಿನನ್ಸ್’ ಎಂಬ ಅವರ ಗ್ರಂಥ 1953ರಲ್ಲಿ ಹೊರಬಂತು. 1498ರಿಂದ 1945ರವರೆಗಿನ ಏಶ್ಯದ ಚರಿತ್ರೆಯನ್ನು ಏಶ್ಯದವನ ಕಣ್ಣಿನಿಂದ ನೋಡಿದ ಗ್ರಂಥವೆಂದು ಅದು ಲೋಕದಲ್ಲೆಲ್ಲ ಹೆಸರಾಯಿತು. ಅದೇ ವರ್ಷದ ಕೊನೆಗೆ ಅವರು ಆಯೋಗದ ಸದಸ್ಯರಾದರು. ಏಶ್ಯದ ಚರಿತ್ರೆ ಬರೆದ ಕೈಯೇ ನಮ್ಮ ಗಡಿಯ ವರದಿಗೂ ಸಹಿ ಹಾಕಿತು. ಅವರ ನಿರ್ಣಯವನ್ನು ನಾವು ಒಪ್ಪುವುದಿಲ್ಲ. ಆದರೆ ಒಪ್ಪದವರು ಅವರ ಪುಸ್ತಕವನ್ನೂ ವರದಿಯನ್ನೂ ಓದದೆ ಬಿಟ್ಟರೆ ಅದರಿಂದ ನಷ್ಟ ನಮಗೇ.

ಆ ವರದಿಯಲ್ಲಿ ಜಹೀರಾಬಾದಿನವರಿಗೆ ಸ್ವಾರಸ್ಯದ ಸಂಗತಿಯೊಂದಿದೆ. ಬೀದರ ಜಿಲ್ಲೆಯನ್ನು ಒಡೆಯದೆ ತೆಲಂಗಾಣದ ಜಿಲ್ಲೆಗಳ ಜೊತೆ ಸೇರಿಸಿ ಹೈದರಾಬಾದ್ ರಾಜ್ಯವನ್ನು ಉಳಿಸಬೇಕೆಂಬುದು ಆಯೋಗದ ಸಲಹೆಯಾಗಿತ್ತು. 1956ರ ಕಾಯಿದೆಯಲ್ಲಿ ಆ ಜಿಲ್ಲೆ ಮೈಸೂರು, ಬೊಂಬಾಯಿ, ಆಂಧ್ರಗಳೆಂದು ಮೂರು ದಿಕ್ಕಿಗೆ ಹರಿದುಹೋಯಿತು. ನಮ್ಮಲ್ಲಿ 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ವರದಿಗೂ ಕಾಯಿದೆಗೂ, ಕಾಯಿದೆಗೂ ನಡೆಗೂ ನಡುವೆ ಏನಾಗುತ್ತದೆ? ರಾಜ್ಯಶಾಸ್ತ್ರದ ತಿರುಳು ಇದೇ. ಗಡಿಯ ಮನೆಯಲ್ಲಿ ಈ ಪ್ರಶ್ನೆ ಊಟದ ಹೊತ್ತಿನ ಮಾತಾಗಿರುತ್ತದೆ.

ಇದೇ ಪ್ರಶ್ನೆಯನ್ನು ಹಿಡಿದು ನೆರೆಯ ದೇಶಗಳತ್ತ ನೋಡಿದರೆ ಏಶ್ಯದ ರಾಜಕೀಯ ತೆರೆದುಕೊಳ್ಳುತ್ತದೆ. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಚಳವಳಿ ಹೂಡಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 1971ರಲ್ಲಿ ಬಾಂಗ್ಲಾದೇಶ ಹುಟ್ಟಿತು. ನಮ್ಮ ಗಡಿಗಳು ಬದಲಾದ 1956ರಲ್ಲಿಯೇ ಸಿಲೋನಿನಲ್ಲಿ ಸಿಂಹಳವನ್ನು ಏಕೈಕ ಅಧಿಕೃತ ಭಾಷೆಯನ್ನಾಗಿ ಮಾಡುವ ಕಾಯಿದೆ ಬಂತು. ತಮಿಳರಿಗೂ ಸಿಂಹಳರಿಗೂ ನಡುವೆ ಬಿದ್ದ ಬಿರುಕು ಮುಂದೆ ದೀರ್ಘ ಯುದ್ಧದವರೆಗೆ ಹೋಯಿತು. ಅದೇ ವರ್ಷ ನಮ್ಮ ಸಂವಿಧ��ನದ 7ನೇ ತಿದ್ದುಪಡಿಯು 350 ಎ ವಿಧಿಯನ್ನು ಸೇರಿಸಿ, ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದಿತು. ಒಂದೇ ಕಾಲ, ಒಂದೇ ಸಮಸ್ಯೆ, ಬೇರೆ ಬೇರೆ ಉತ್ತರ. ಏಕೆ ಹೀಗಾಯಿತೆಂದು ಶೋಧಿಸುವುದೇ ಒಂದು ಮಹಾಪ್ರಬಂಧಕ್ಕೆ ಸಾಕಾಗುವಷ್ಟು ಕೆಲಸ.

ಹೇಗೆ ಹೊರಡಬೇಕು?

ಇನ್ನು ವ್ಯವಹಾರದ ಮಾತು. ಬಿ.ಎ.ಯಲ್ಲಿ ಇತಿಹಾಸವೋ ರಾಜ್ಯಶಾಸ್ತ್ರವೋ ಇದ್ದರೆ ಒಳ್ಳೆಯದು. ಎಂ.ಎ.ಗೆ ನಮ್ಮ ಜಿಲ್ಲೆಯವರು ದೂರ ಹೋಗಬೇಕೆಂದಿಲ್ಲ. 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಪೆರಿಯದಲ್ಲಿಯೇ ಇದ್ದು, ಅಂತಾರಾಷ್ಟ್ರೀಯ ಸಂಬಂಧಗಳ ವಿಭಾಗವನ್ನು ಹೊಂದಿದೆ. ಜಹೀರಾಬಾದ್, ತಾಂಡೂರಿನವರಿಗೆ 1974ರ ಹೈದರಾಬಾದ್ ವಿಶ್ವವಿದ್ಯಾಲಯ, 1918ರ ಉಸ್ಮಾನಿಯಾ ಹತ್ತಿರ. ಇತ್ತ ಕಲಬುರಗಿಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ದಿಲ್ಲಿಯ ಜವಾಹರಲಾಲ ನೆಹರೂ ವಿಶ್ವವಿದ್ಯಾಲಯದಲ್ಲಿ ಏಶ್ಯದ ಬೇರೆ ಬೇರೆ ಭಾಗಗಳ ಅಧ್ಯಯನಕ್ಕೆಂದೇ ಕೇಂದ್ರಗಳಿವೆ.

ಎರಡನೆಯ ಹೆಜ್ಜೆ ಭಾಷೆ. ಏಶ್ಯದ ಒಂದು ಭಾಷೆಯನ್ನು ಮೂಲದಲ್ಲಿ ಓದಲು ಬಾರದವನು ಇಂಗ್ಲಿಷ್ ಪುಸ್ತಕಗಳ ಮೇಲೆ ಇಂಗ್ಲಿಷ್ ಪುಸ್ತಕ ಬರೆಯುವವನಾಗುತ್ತಾನೆ. ಪಾರ್ಸಿ, ಅರಬ್ಬೀ, ಚೀನೀ, ಜಪಾನಿ ಭಾಷೆಗಳನ್ನು ದಿಲ್ಲಿಯಲ್ಲಿ ಕಲಿಯಬಹುದು. ಶಾಂತಿನಿಕೇತನದಲ್ಲಿ 1937ರಿಂದ ಚೀನಾ ಭವನವಿದೆ. ಹೈದರಾಬಾದಿನಲ್ಲಿ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯವಿದೆ. ಪಾರ್ಸಿಗೆ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯವಿದೆ. ಹೈದರಾಬಾದ್ ಸಂಸ್ಥಾನದಲ್ಲಿ 1884ರವರೆಗೆ ಸರಕಾರದ ಭಾಷೆ ಪಾರ್ಸಿಯಾಗಿತ್ತು, ಆಮೇಲೆ ಉರ್ದು ಬಂತು. ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿ ಶಾಹಜಹಾನ್, ಔರಂಗಜೇಬರ ದಖನಿನ ಆಡಳಿತದ ಪಾರ್ಸಿ ಕಾಗದಗಳು ಲಕ್ಷಕ್ಕೂ ಮಿಕ್ಕಿ ಇವೆ. ಉರ್ದು ಲಿಪಿ ಬಲ್ಲ ಹುಡುಗನಿಗೆ ಪಾರ್ಸಿಯ ಮೆಟ್ಟಿಲು ಎತ್ತರವಾಗಿ ಕಾಣದು.

ಮೂರನೆಯದು ಪರೀಕ್ಷೆ ಮತ್ತು ವೇತನ. ಯು.ಜಿ.ಸಿ.ಯ ನೆಟ್ ಪರೀಕ್ಷೆಯಲ್ಲಿ ಮೇಲಿನ ಶ್ರೇಣಿಯವರಿಗೆ ಸಂಶೋಧನ ವೇತನ ದೊರೆಯುತ್ತದೆ. 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಪಿ.ಎಚ್.ಡಿ.ಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಹೆಚ್ಚೆಂದರೆ 6 ವರ್ಷವೆಂದು 2022ರ ನಿಯಮ ಹೇಳುತ್ತದೆ. ನೆಟ್ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್, ಹಿಂದಿಗಳಲ್ಲಿರುತ್ತವೆ. ಕರ್ನಾಟಕದ ಕೆ-ಸೆಟ್‌ನಲ್ಲಿ ಕನ್ನಡವೂ ಉಂಟು.

ಮನೆಯವರ ಮೊದಲ ಪ್ರಶ್ನೆಗೆ ಇಲ್ಲಿ ಮರೆಮಾಚದೆ ಉತ್ತರಿಸಬೇಕು. ಇದು ಬೇಗ ಸಂಪಾದನೆ ತರುವ ವಿದ್ಯೆಯಲ್ಲ. ಓದಿನ ಜೊತೆಗಾರರು ಬ್ಯಾಂಕಿನಲ್ಲೋ ಗಲ್ಫಿನಲ್ಲೋ ನೆಲೆ ಕಂಡು ಮನೆ ಕಟ್ಟಿಸುವ ಹೊತ್ತಿಗೆ ಇವನು ಪತ್ರಾಗಾರದಲ್ಲಿ ಧೂಳು ಕೊಡವುತ್ತಿರುತ್ತಾನೆ. ಕಾಲೇಜಿನ ಹುದ್ದೆಗಳು ಕಡಿಮೆ, ಕಾಯುವವರು ಹೆಚ್ಚು. ಸಂಶೋಧನ ವೇತನ ಸಿಗದಿದ್ದರೆ ಸಾಲ ಮಾಡಿ ಪಿ.ಎಚ್.ಡಿ.ಗೆ ಇಳಿಯುವುದು ಜಾಣತನವಲ್ಲ. ಆದರೆ ಕಲಿತ ಭಾಷೆ ವ್ಯರ್ಥವಾಗುವುದಿಲ್ಲ. ಅನುವಾದ, ಪತ್ರಿಕೆ, ಪತ್ರಾಗಾರ, ವಿದೇಶಾಂಗ ಸೇವೆ, ವಸ್ತು ಸಂಗ್ರಹಾಲಯ, ಇಂಥ ಕಡೆಗಳಲ್ಲಿ ಅದಕ್ಕೆ ಬೆಲೆಯಿದೆ. ಒಂದು ಮಗುವಿಗೆ ನಿಜವಾದ ಒಲವಿದೆಯೆಂದು ಕಂಡರೆ ಈ ಲೆಕ್ಕವನ್ನೆಲ್ಲ ಮುಂದಿಟ್ಟು ಮಾತಾಡಿ, ಆಮೇಲೆ ಒಪ್ಪಿಗೆ ಕೊಡುವುದು ಒಳ್ಳೆಯದು.

ಕಳೆದುಹೋಗುತ್ತಿರುವ ಕೀಲಿಕೈ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆತಂಕದ ಮಾತನ್ನು ಹೇಳಲೇಬೇಕು. ಮೂಲಧನವೆಂದೆವಲ್ಲ, ಅದು ಆಡುಮಾತಿನಿಂದ ಮಾತ್ರ ಬರುವುದಿಲ್ಲ. ಓದು ಬರಹದಿಂದ ಬರುತ್ತದೆ. ಮನೆಯಲ್ಲಿ ಕನ್ನಡ ಆಡುತ್ತ, ಕನ್ನಡದ ಅಕ್ಷರ ಗುರುತಿಸಲಾರದ ಪದವೀಧರರು ಗಡಿಯ ಆಚೆ ಇದ್ದಾರೆ, ಈಚೆಗೂ ಬರತೊಡಗಿದ್ದಾರೆ. ಕೇರಳದಲ್ಲಿ 2017ರಲ್ಲಿ ಮಲಯಾಳ ಕಲಿಕೆಯ ಕಾಯಿದೆ ಬಂತು. ತೆಲಂಗಾಣದಲ್ಲಿ 2018ರಲ್ಲಿ ತೆಲುಗು ಕಡ್ಡಾಯ ಕಲಿಕೆಯ ಕಾಯಿದೆ ಬಂತು. ರಾಜ್ಯದ ಭಾಷೆಯನ್ನು ಕಲಿಯುವುದರಲ್ಲಿ ತಪ್ಪೇನೂ ಇಲ್ಲ. ಈ ಲೇಖನದ ವಾದವೇ ಹೆಚ್ಚು ಭಾಷೆ ಕಲಿಯಬೇಕೆಂಬುದು. ಆದರೆ ಒಂದನ್ನು ಕಲಿಯುವ ಭರದಲ್ಲಿ ಮನೆಮಾತಿನ ಲಿಪಿ ಬಿಟ್ಟುಹೋಗಬಾರದು.

ಬಿಟ್ಟುಹೋದರೆ ಆಗುವ ನಷ್ಟ ಬರೇ ಭಾವನೆಯದಲ್ಲ. ತೆಲಂಗಾಣದ ನೆಲದಲ್ಲಿ ಕನ್ನಡ ಶಾಸನಗಳು ಬಹಳ. ಆದಿಕವಿ ಪಂಪನ ಆಶ್ರಯದಾತ ಅರಿಕೇಸರಿಯ ರಾಜಧಾನಿ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭನು ಕರೀಂನಗರದ ಕಡೆಯ ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಶಾಸನ ಬರೆಸಿದ್ದಾನೆ. 10ನೇ ಶತಮಾನದ ಆ ಮನುಷ್ಯನಿಗೆ ಮೂರು ಭಾಷೆ ಹೊರೆಯೆನಿಸಿರಲಿಲ್ಲ. ಆ ಬಂಡೆಯ ಮುಂದೆ ನಿಂತು ಮೂರನ್ನೂ ಓದಬಲ್ಲವರು ಇಂದು ಯಾರು? ತೆಲುಗು ಶಾಲೆಯಲ್ಲಿ ಕಲಿತು ಮನೆಯಲ್ಲಿ ಕನ್ನಡ ಓದಿದ ತಾಂಡೂರಿನ ವಿದ್ಯಾರ್ಥಿಗಿಂತ ತಕ್ಕವರು ಬೇರೆ ಇರಲಾರರು.

ಹೈದರಾಬಾದಿನ ಕನ್ನಡಿಗರು ಕಾಚಿಗುಡದ ತಮ್ಮ ವಿದ್ಯಾಸಂಸ್ಥೆಗೆ ನೃಪತುಂಗನ ಹೆಸರಿಟ್ಟರು. ಹೆಸರು ಉಳಿಸಿದ್ದು ಸರಿ. ಆ ಹೆಸರಿನ ಹಿಂದೆ ಬಾಗ್ದಾದಿನವರೆಗೆ ಚಾಚಿದ್ದ ಲೋಕವನ್ನು ಓದಿ ಬರೆಯುವವರೂ ಆ ಮನೆಗಳಿಂದಲೇ, ನಮ್ಮ ಮನೆಗಳಿಂದಲೇ ಬರಬೇಕು. ಇಲ್ಲವಾದರೆ ನಮ್ಮ ಊರಿನ ಇತಿಹಾಸವನ್ನು ನಾವು ಎಂದೆಂದಿಗೂ ಬೇರೆಯವರ ಅಡಿಟಿಪ್ಪಣಿಯಲ್ಲಿ ಓದಬೇಕಾದೀತು.

ಇದಕ್ಕೆ ವಿಶ್ವವಿದ್ಯಾಲಯದವರೆಗೆ ಕಾಯಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆ ಮಕ್ಕಳಿಂದ ಗಟ್ಟಿಯಾಗಿ ಕನ್ನಡ ಓದಿಸಿರಿ. ಅಜ್ಜಿ ಹೇಳುವ ಪಾಡ್ದನವನ್ನೋ ಬೀಸುವ ಪದವನ್ನೋ ಅವರ ಕೈಯಿಂದಲೇ ಬರೆಸಿರಿ. ಹೇಳಿದವರ ಹೆಸರು, ಊರು, ತಾರೀಕು ಹಾಕಿಸಿರಿ. ಪೆಟ್ಟಿಗೆಯಲ್ಲಿರುವ ಹಳೆಯ ಕಾಗದ, ಓಲೆ, ಜಮೀನಿನ ದಸ್ತಾವೇಜುಗಳನ್ನು ಓದಲು ಬಾರದೆಂದು ಗುಜರಿಯವನಿಗೆ ಹಾಕಬೇಡಿರಿ. ಇಂದು ನಮಗೆ ಓದಲಾಗದುದನ್ನು ಓದುವ ಮಗು ನಾಳೆ ಅದೇ ಮನೆಯಲ್ಲಿ ಬೆಳೆದು ಬರಬಹುದು; ಅಷ್ಟು ಹೊತ್ತಿಗೆ ಕಾಗದ ಅಲ್ಲಿರಬೇಕು.